ನಗರದಲ್ಲಿರುವ ಮಕ್ಕಳ ವಿರಾಮವೂ ಅನುರಾಗವೂ

ಸಣ್ಣ ಊರುಗಳಲ್ಲಿ ಗೃಹಸ್ಥರು ಇಬ್ಬರು ಕಲೆತರೆ, ಮಳೆಬೆಳೆಯ ಪ್ರಸ್ತಾಪ ಮುಗಿದೊಡನೆ ಬರುವ ಮಾತು ಬೆಂಗಳೂರಿನಲ್ಲಿರುವ ಮಕ್ಕಳದು. ಸಂಬಳವೆಷ್ಟು, ಕೆಲಸ ಎಂಥದು, ಊಟಕ್ಕೆ ಏನು ಏರ್ಪಾಡು ಎಂದು ವಿಚಾರಿಸುತ್ತಾರೆ. ಸಂಜೆಯಾದ ಮೇಲೆ ಆ ಮಕ್ಕಳು ಏನು ಮಾಡುತ್ತಾರೆ, ಭಾನುವಾರ ಯಾರೊಡನೆ ಕುಳಿತು ಮಾತನಾಡುತ್ತಾರೆ ಎಂಬುದನ್ನು ಕೇಳುವವರು ಕಡಮೆ. ಕೇಳಿದರೂ ಸಂಶಯದಿಂದ ಕೇಳುವರಲ್ಲದೆ ಅಕ್ಕರೆಯಿಂದ ಕೇಳುವುದಿಲ್ಲ. ನಾವೂ ಈಚಿನವರೆಗೆ ಹೀಗೆಯೇ ಇದ್ದವರು. ನಮ್ಮ ಮನಸ್ಸು ತಿರುಗಿದ ಬಗೆಯನ್ನು ವಾಚಕರಿಗೆ ಅರಿಕೆ ಮಾಡುವುದಕ್ಕಾಗಿಯೇ ಈ ಲೇಖನ.

ಈ ಶ್ರಾವಣದಲ್ಲಿ ಒಂದು ಸಂಜೆ, ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿರುವ ನಮ್ಮ ತಮ್ಮನು ಬಂದು ಜಗುಲಿಯ ಮೇಲೆ ಕುಳಿತನು. ಬಹಳ ಹೊತ್ತು ಮಾತಿಲ್ಲ. ಕಡೆಗೆ, “ಅಣ್ಣಾ, ಮಗು ಅಲ್ಲಿ ಯಾರನ್ನೋ ಮೆಚ್ಚಿದ್ದಾಳಂತೆ. ನಮ್ಮ ಪೈಕಿಯವನಲ್ಲ. ನೀನು ಹೋಗಿ ನಾಲ್ಕು ಬುದ್ಧಿಮಾತು ಹೇಳಿ ಬಾ. ಕೇಳದಿದ್ದರೆ ನನ್ನ ಮನೆಯ ಬಾಗಿಲು ಮುಚ್ಚಿತೆಂದು ತಿಳಿಸಿಬಿಡು” ಎಂದನು. ಆ ಮಗುವಿಗೆ ಈಗ ಇಪ್ಪತ್ತಾರು ವರ್ಷ. ಬೆಂಗಳೂರು ಸೇರಿ ನಾಲ್ಕು ವರ್ಷವಾಯಿತು. ಅವಳಿಗೆ ಅಕ್ಷರಾಭ್ಯಾಸ ಮಾಡಿಸಿದವರು ನಾವು. ಈ ಹೊರೆಯನ್ನು ಹೊತ್ತು ನಾವು ರೈಲು ಹತ್ತಿದೆವು.

ದಾರಿಯಲ್ಲಿ ನಮಗೆ ನೆನಪಾದವನು ವಾತ್ಸ್ಯಾಯನ. ಗೃಹಸ್ಥರು ಓದುವ ಪತ್ರಿಕೆಯಲ್ಲಿ ಆ ಹೆಸರನ್ನೆತ್ತಿದೊಡನೆ ಹುಬ್ಬು ಗಂಟಿಕ್ಕಬೇಕಾಗಿಲ್ಲ. ಕ್ರಿಸ್ತಶಕ ಮೂರನೆಯ ಶತಮಾನದ ಸುಮಾರಿನವನೆಂದು ವಿದ್ವಾಂಸರು ಎಣಿಸುವ ಆತನ ಕಾಮಸೂತ್ರದಲ್ಲಿ, ಮೊದಲನೆಯ ಅಧಿಕರಣದ ನಾಲ್ಕನೆಯ ಅಧ್ಯಾಯಕ್ಕೆ ನಾಗರಕವೃತ್ತವೆಂದು ಹೆಸರು. ವಿದ್ಯೆ ಕಲಿತು, ಹಣ ಸಂಪಾದಿಸಿ, ನಗರದಲ್ಲಿ ನೆಲಸಿದ ಯುವಕನು ದಿನವನ್ನು ಹೇಗೆ ಕಳೆಯತಕ್ಕದ್ದೆಂಬುದು ಅದರ ವಿಷಯ. ಆ ಹಣದ ಮೂಲಗಳನ್ನು ಎಣಿಸುವಾಗ ಆತನು ದಾನ, ಜಯ, ವ್ಯಾಪಾರಗಳೊಡನೆ ದುಡಿಮೆಯ ಕೂಲಿಯನ್ನೂ ಸೇರಿಸಿದ್ದಾನೆ. ಆದುದರಿಂದ ಇಂದಿನ ಸಂಬಳಗಾರರು ಆ ಅಧ್ಯಾಯಕ್ಕೆ ಹೊರಗಾದವರಲ್ಲ.

ನಾಗರಕನ ಮನೆ ನೀರಿನ ಬಳಿ ಇರಬೇಕು, ಅದಕ್ಕೊಂದು ತೋಟವಿರಬೇಕು. ಮಲಗುವ ಕೋಣೆಯಲ್ಲಿ ಗೂಟಕ್ಕೆ ತೂಗುಹಾಕಿದ ವೀಣೆ, ಚಿತ್ರ ಬರೆಯುವ ಹಲಗೆ, ಕುಂಚಗಳ ಪೆಟ್ಟಿಗೆ ಮತ್ತು ಯಾವುದಾದರೂ ಒಂದು ಪುಸ್ತಕ; ಹೊರಗೆ ಪಕ್ಷಿಗಳ ಪಂಜರ; ತೋಟದ ನೆರಳಿನಲ್ಲಿ ಉಯ್ಯಾಲೆ. ಸ್ನಾನ ನಿತ್ಯವೂ, ಮೈ ತಿಕ್ಕಿಸಿಕೊಳ್ಳುವುದು ಎರಡು ದಿನಕ್ಕೊಮ್ಮೆ, ನೊರೆಯ ಲೇಪ ಮೂರು ದಿನಕ್ಕೊಮ್ಮೆ, ಕ್ಷೌರ ನಾಲ್ಕು ದಿನಕ್ಕೊಮ್ಮೆ. ಊಟವಾದ ಮೇಲೆ ಗಿಳಿಗಳಿಗೆ ಮಾತು ಕಲಿಸುವುದು, ಸ್ವಲ್ಪ ನಿದ್ರೆ, ಇಳಿಹಗಲಿಗೆ ಗೆಳೆಯರ ಗೋಷ್ಠಿ, ಸಂಜೆ ಸಂಗೀತ. ಅಧ್ಯಾಪಕರಾಗಿದ್ದಾಗ ಇದನ್ನೋದಿ ನಾವು ಸೋಮಾರಿಯ ದಿನಚರಿಯೆಂದು ನಕ್ಕದ್ದುಂಟು.

ಬೆಂಗಳೂರಿನಲ್ಲಿ ನಾವು ಇಳಿದುಕೊಂಡದ್ದು ಬಸವನಗುಡಿಯಲ್ಲಿ, ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ. ನಮ್ಮ ಮಗುವಿನ ವಸತಿಯೂ ಅದಕ್ಕೆ ಸಮೀಪವೇ. ಜನರು ಪಿ.ಜಿ. ಎಂದು ಕರೆಯುವ ಹೆಣ್ಣುಮಕ್ಕಳ ಬಿಡಾರ. ಗಂಡಸರಿಗೆ ಬಾಗಿಲಿನ ಆಚೆಗೆ ಪ್ರವೇಶವಿಲ್ಲ. ಒಂದು ಕೋಣೆಗೆ ಇಬ್ಬರು, ಎರಡು ಮಂಚ, ಎರಡು ಕಬ್ಬಿಣದ ಬೀರು, ಒಂದು ಕಿಟಕಿ, ಇಷ್ಟೇ ಎಂದು ಅವಳೇ ಬಣ್ಣಿಸಿದಳು. ವೀಣೆಗೆ ಗೂಟವಿಲ್ಲ, ವೀಣೆಯೂ ಇಲ್ಲ.

ಶುಕ್ರವಾರ ನಾವು ಅವಳೊಡನೆ ಕಚೇರಿಯ ಬಾಗಿಲವರೆಗೆ ಹೋದೆವು. ನ್ಯಾಷನಲ್ ಕಾಲೇಜಿನ ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ಒಂದು ಗಂಟೆಯಷ್ಟು ಹೊತ್ತು ಹೆಚ್ಚಿನಂಶ ನಿಂತೇ ಪ್ರಯಾಣ. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮಗಾಂಧಿ ರಸ್ತೆಯವರೆಗೆ ಮಾತ್ರ ಓಡಿದ ಈ ರೈಲು, 2023ರಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ 43 ಕಿಲೋಮೀಟರಿಗೂ ಮಿಕ್ಕು ಓಡುತ್ತಿದೆ. ಅವಳು ಇಳಿಯುವ ನಿಲ್ದಾಣದ ಹೆಸರು ಪಟ್ಟಂದೂರು ಅಗ್ರಹಾರ. ಅಗ್ರಹಾರವೆಂಬ ಹೆಸರನ್ನು ಕಂಡು ಹಿಗ್ಗಿ ಕೆಳಗಿಳಿದ ನಮಗೆ ಗಾಜಿನ ಗೋಪುರಗಳ ಹೊರತು ಬೇರೇನೂ ಕಾಣಲಿಲ್ಲ. ಆಸ್ಪತ್ರೆಗಳ ಲೆಕ್ಕಪತ್ರಕ್ಕೆ ಬೇಕಾದ ತಂತ್ರಾಂಶದಲ್ಲಿ ತಪ್ಪುಗಳನ್ನು ಹುಡುಕುವುದು ಅವಳ ಕೆಲಸ. ಮೂವತ್ತು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದ ನಮಗೆ ಆ ದುಡಿಮೆಯ ಸ್ವರೂಪ ತಕ್ಷಣ ಅರ್ಥವಾಯಿತು. ರಾತ್ರಿ ಎಂಟೂವರೆಗೆ ಹಿಂದಿರುಗಿದವಳು, ಊಟ ಮುಗಿಯುವ ಮೊದಲೇ ಅಮೆರಿಕದವರೊಡನೆ ಮಾತಾಡಬೇಕೆಂದು ಫೋನು ಹಿಡಿದು ಎದ್ದುಹೋದಳು. ನಾಗರಕನಿಗೆ ಬಿಡುವೇ ವೃತ್ತಿಯಾಗಿತ್ತು. ಇವಳಿಗೆ ಬಿಡುವೆಂಬುದು ಕದ್ದು ತರಬೇಕಾದ ವಸ್ತು.

ಮಾರನೆಯ ಬೆಳಗ್ಗೆ ಗಾಂಧಿಬಜಾರಿನಲ್ಲಿ, 1943ರಿಂದ ನಡೆದುಬಂದಿರುವ ವಿದ್ಯಾರ್ಥಿಭವನದಲ್ಲಿ ದೋಸೆ ತಿನ್ನುತ್ತ ಅವಳು ತಾನಾಗಿಯೇ ಒಂದು ಸಂಗತಿಯನ್ನು ಹೇಳಿದಳು. “ಮೊದಲನೆಯ ವರ್ಷ ಸೋಮವಾರ ಕಚೇರಿಯಲ್ಲಿ ಬಾಯಿ ತೆರೆದರೆ ಗಂಟಲು ಕಟ್ಟಿರುತ್ತಿತ್ತು ದೊಡ್ಡಪ್ಪ. ಕೋಣೆಯವಳು ಶನಿವಾರ ಊರಿಗೆ ಹೋಗಿಬಿಡುತ್ತಿದ್ದಳು. ಅಮ್ಮನೊಡನೆ ಫೋನಿನಲ್ಲಿ ಎರಡು ಮಾತು ಬಿಟ್ಟರೆ, ಎರಡು ದಿನ ಯಾರ ಹತ್ತಿರವೂ ಮಾತೇ ಇರುತ್ತಿರಲಿಲ್ಲ.” ಆ ಎರಡು ಮಾತು ಯಾವುವೆಂದು ನಾವು ಕೇಳಲಿಲ್ಲ. ಊಟವಾಯಿತೇ, ಆಯಿತು ಎಂಬುವೇ ಆಗಿರಬೇಕು. ಆ ವರ್ಷವೆಲ್ಲ ಅವಳು ಸುಖವಾಗಿದ್ದಾಳೆಂದು ನಾವು ಊರಿನಲ್ಲಿ ಹತ್ತು ಜನಕ್ಕೆ ಹೇಳಿಕೊಂಡು ತಿರುಗಿದ್ದೆವು.

ಅವಳ ಮೌನವನ್ನು ಮುರಿದದ್ದು ನಾಟಕ. ಜಯಪ್ರಕಾಶನಗರದಲ್ಲಿ ರಂಗಶಂಕರವೆಂಬ ರಂಗಮಂದಿರವಿದೆ. ನಟ ಶಂಕರನಾಗರ ನೆನಪಿಗಾಗಿ ಕಟ್ಟಿದ ಅದು 2004ರಲ್ಲಿ ತೆರೆಯಿತು. ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚುವುದು ಅಲ್ಲಿಯ ಕಟ್ಟುನಿಟ್ಟಾದ ನಿಯಮ; ತಡವಾಗಿ ಬಂದವರಿಗೆ ಎಷ್ಟು ಬೇಡಿದರೂ ಪ್ರವೇಶವಿಲ್ಲ. ಒಂದು ಸಂಜೆ ಹಾಗೆ ಹೊರಗುಳಿದವರು ಇಬ್ಬರು: ನಮ್ಮ ಮಗು, ಮತ್ತು ಹಾವೇರಿಯ ಕಡೆಯ ರೈತರ ಮನೆಯಿಂದ ಬಂದು ಇಲ್ಲಿಯ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದ ಒಬ್ಬ ಹುಡುಗ. ಒಳಗೆ ನಾಟಕ ನಡೆಯುತ್ತಿದ್ದಷ್ಟು ಹೊತ್ತೂ ಇವರು ಹೊರಗೆ ಕುಳಿತು ಬಸ್ಸುಗಳನ್ನು ಬೈದರು. ತರುವಾಯ ಇಬ್ಬರೂ ನಾಟಕ ನೋಡುವ ಐದಾರು ಜನರ ಗುಂಪನ್ನು ಸೇರಿದರು. ಮೂರು ವರ್ಷದಲ್ಲಿ ಗೆಳೆತನ ಅನುರಾಗವಾಗಿ ಮಾಗಿತು.

ಭಾನುವಾರ ಬೆಳಗ್ಗೆ ಲಾಲ್‌ಬಾಗಿನಲ್ಲಿ ನಾವು ಆ ಹುಡುಗನನ್ನು ಕಂಡೆವು. 1760ರಲ್ಲಿ ಹೈದರಾಲಿ ಆರಂಭಿಸಿದ ಆ ತೋಟ ಇಂದಿಗೂ ನಗರದ ಮಕ್ಕಳಿಗೆ ಉಯ್ಯಾಲೆಯಾಗಿದೆ. ಬುದ್ಧಿಮಾತುಗಳನ್ನು ನಾವು ಮೊದಲೇ ಜೋಡಿಸಿಟ್ಟುಕೊಂಡಿದ್ದೆವು. “ಕೇಳೂದೇನಿದ್ರೂ ಕೇಳ್ರಿ ಸರ್” ಎಂದು ಅವನೇ ದಾರಿಮಾಡಿಕೊಟ್ಟನು. ಅಷ್ಟರಲ್ಲಿ ಮಗುವಿಗೆ ಕಚೇರಿಯಿಂದ ಕರೆ ಬಂತು. ಭಾನುವಾರವಾದರೂ ಬಿಡುವಂತಿರಲಿಲ್ಲ. ಅವಳು ಗಾಜಿನ ಮನೆಯ ಬಳಿಯ ಬೆಂಚಿನ ಮೇಲೆ ಕುಳಿತು, ಚೀಲದಿಂದ ಕಂಪ್ಯೂಟರು ತೆಗೆದು ಕೆಲಸಕ್ಕೆ ತೊಡಗಿದಳು. ಪರದೆಯ ಮೇಲೆ ಬಿಸಿಲು ಬೀಳುತ್ತಿತ್ತು. ಹುಡುಗನು ಎದ್ದು, ತನ್ನ ನೆರಳು ಅದರ ಮೇಲೆ ಬೀಳುವಂತೆ ನಿಂತನು. ಮುಕ್ಕಾಲು ಗಂಟೆ ಹಾಗೆಯೇ ನಿಂತು, ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಟ್ಟನು. ಇಬ್ಬರು ಅಕ್ಕಂದಿರ ಮದುವೆಗೆಂದು ಆದ ಸಾಲ ಇನ್ನೂ ಎರಡು ವರ್ಷ ತೀರಬೇಕು. ಅದನ್ನು ಇವಳಿಗೆ ಮೊದಲೇ ತಿಳಿಸಿದ್ದೇನೆ ಎಂದನು. ಮೂವತ್ತು ವರ್ಷ ಹುಡುಗರನ್ನು ಕಂಡವರು ನಾವು. ನಿಂತಿದ್ದು ನಮ್ಮನ್ನು ಮೆಚ್ಚಿಸುವುದಕ್ಕೋ ಅಭ್ಯಾಸದಿಂದಲೋ ಎಂಬುದು ನಮಗೆ ತಿಳಿಯುತ್ತದೆ. ಜೋಡಿಸಿಟ್ಟಿದ್ದ ಬುದ್ಧಿಮಾತುಗಳು ನಮ್ಮಲ್ಲಿಯೇ ಉಳಿದವು.

ಹಿಂದಿರುಗುವ ಮುನ್ನ ಮಗುವಿಗೆ ನಾವು ಕೇಳಿದ್ದು ಒಂದೇ ಪ್ರಶ್ನೆ: ತಂದೆ ಒಪ್ಪದಿದ್ದರೆ ಏನು ಮಾಡುವೆ? ಅವಳು ಕಾನೂನನ್ನು ಓದಿಕೊಂಡಿದ್ದಳು. 1954ರ ವಿಶೇಷ ವಿವಾಹ ಕಾಯಿದೆಯ ಪ್ರಕಾರ ಇಪ್ಪತ್ತೊಂದು ತುಂಬಿದ ಗಂಡು, ಹದಿನೆಂಟು ತುಂಬಿದ ಹೆಣ್ಣು, ಜಾತಿಮತಗಳು ಯಾವುವೇ ಆಗಿರಲಿ, ವಿವಾಹಾಧಿಕಾರಿಗೆ ಮೂವತ್ತು ದಿನದ ನೋಟೀಸು ಕೊಟ್ಟು, ಮೂವರು ಸಾಕ್ಷಿಗಳ ಎದುರಿನಲ್ಲಿ ಮದುವೆಯಾಗಬಹುದು. “ಆ ನೋಟೀಸಿಗೆ ಅಪ್ಪನ ಒಪ್ಪಿಗೆ ಬೇಕಾಗಿಲ್ಲ ದೊಡ್ಡಪ್ಪ, ನನಗೆ ಬೇಕು. ಅದಕ್ಕೇ ಒಂದು ವರ್ಷದಿಂದ ಕಾಯುತ್ತಿದ್ದೇವೆ” ಎಂದು ಕಣ್ಣೊರಸಿಕೊಂಡಳು.

ಈ ಮಾತು ನಮ್ಮನ್ನು ರೈಲಿನಲ್ಲಿ ಸುಮ್ಮನೆ ಬಿಡಲಿಲ್ಲ. ಶಾಕುಂತಲವನ್ನು ಎಷ್ಟು ತರಗತಿಗಳಿಗೆ ಪಾಠ ಹೇಳಿದ್ದೇವೋ ಲೆಕ್ಕವಿಲ್ಲ. ಮಗಳು ತಾನಿಲ್ಲದಾಗ ವರಿಸಿದಳೆಂದು ತಿಳಿದ ಕಣ್ವರು ಕೋಪಗೊಳ್ಳಲಿಲ್ಲ, ಹರಸಿ ಕಳುಹಿಸಿದರು. ಮುಂದೆ ಒದಗಿದ ದುಃಖಕ್ಕೆ ದೂರ್ವಾಸರ ಶಾಪ ಕಾರಣವಾದರೂ, ಅರಮನೆಯಲ್ಲಿ ಆಕೆಯ ಪರವಾಗಿ ನುಡಿಯಲು ಆ ಮದುವೆಯನ್ನು ಕಣ್ಣಾರೆ ಕಂಡ ಹಿರಿಯರೊಬ್ಬರೂ ಇರಲಿಲ್ಲ. ವಾತ್ಸ್ಯಾಯನನೂ ವಿವಾಹಗಳ ಬಗೆಗಳನ್ನು ಹೇಳಿದ ತರುವಾಯ, ಅನುರಾಗವೇ ತಿರುಳಾಗಿರುವುದರಿಂದ ಗಾಂಧರ್ವವನ್ನೇ ಮೇಲೆಂದು ಗಣಿಸಿದ್ದಾನೆ. ಇವೆಲ್ಲವನ್ನೂ ಪರೀಕ್ಷೆಗೆಂದು ಬೋಧಿಸಿ, ನಮ್ಮ ಮನೆಯ ಮಗುವಿಗೆ ಮಾತ್ರ ಬಾಗಿಲು ಮುಚ್ಚುವ ಸಂದೇಶವನ್ನು ಹೊತ್ತು ಹೋಗಿದ್ದೆವಲ್ಲ!

ನಗರದ ವಿರಾಮವೆಲ್ಲ ಒಳ್ಳೆಯದೆಂದು ನಾವು ಹೇಳುವುದಿಲ್ಲ. ಸಂಬಳವನ್ನೆಲ್ಲ ಅಂಗಡಿಗಳಲ್ಲಿ ಸುರಿಯುವವರನ್ನೂ, ಒಂದೇ ಮೇಜಿನ ಸುತ್ತ ಕುಳಿತು ಫೋನುಗಳನ್ನೇ ನೋಡುತ್ತಿರುವ ಗೆಳೆಯರನ್ನೂ ಕಂಡೆವು. ಇದಕ್ಕೂ ಹಳೆಯ ಗ್ರಂಥದಲ್ಲಿ ಒರೆಗಲ್ಲಿದೆ. ಲೋಕವು ಹೇಸುವ, ಅಂಕೆಯಿಲ್ಲದ, ಪರರನ್ನು ನೋಯಿಸುವ ಗೋಷ್ಠಿಯನ್ನು ಬಲ್ಲವನು ಸೇರಕೂಡದೆಂದೂ, ಜನರ ಮನಸ್ಸಿಗೊಪ್ಪುವ, ವಿನೋದವಷ್ಟೇ ಉದ್ದೇಶವಾಗುಳ್ಳ ಗೋಷ್ಠಿಯನ್ನು ಸೇರಬಹುದೆಂದೂ ಆತನ ಮತ. ಆದರೆ ಆತನ ಆ ದಿನಚರಿ ಗಂಡಸಿನದು. ಇಂದು ನಮ್ಮ ಹೆಣ್ಣುಮಕ್ಕಳೂ ತಾವೇ ದುಡಿದು, ತಾವೇ ಟಿಕೀಟು ಕೊಂಡು, ನಾಟಕ ನೋಡಿ ಬರುತ್ತಾರೆ. ಇದನ್ನು ಕಂಡು ನಾವು ಅಂಜಬೇಕಾಗಿಲ್ಲ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮಕ್ಕಳೊಡನೆ ಫೋನಿನಲ್ಲಿ ಮಾತನಾಡುವಾಗ ಊಟದ ಪ್ರಶ್ನೆಯ ತರುವಾಯ ಇನ್ನೊಂದನ್ನು ಕೇಳಿರಿ: ಈ ವಾರ ಯಾರೊಡನೆ ನಕ್ಕೆ? ವರ್ಷಕ್ಕೊಮ್ಮೆಯಾದರೂ ಹೋಗಿ ಅವರ ಒಂದು ದಿನವನ್ನು ಅವರೊಡನೆ ನಡೆದು ನೋಡಿರಿ. ಯಾರನ್ನಾದರೂ ಮೆಚ್ಚಿದ್ದೇವೆಂದು ಅವರೇ ಹೇಳಿದರೆ, ಕುಲವನ್ನು ಕೇಳುವ ಮುನ್ನ ಆ ಮನುಷ್ಯನನ್ನು ಕಾಣಿರಿ. ಗುಟ್ಟಿಗೆ ಎಡೆಕೊಟ್ಟು ಆಮೇಲೆ ಗುಟ್ಟನ್ನು ನಿಂದಿಸುವುದು ಹಿರಿಯರಿಗೆ ಒಪ್ಪುವುದಿಲ್ಲ.

ತಮ್ಮನಿಗೆ ಎಲ್ಲವನ್ನೂ ಹೇಳಿದೆವು. ಹುಡುಗನ ವಿಷಯದಲ್ಲಿ ಅವನು ಒಂದು ಮಾತನ್ನೂ ಆಡಲಿಲ್ಲ. ಮಗುವಿನ ಗಂಟಲು ಕಟ್ಟಿರುತ್ತಿದ್ದ ಸಂಗತಿ ಬಂದಾಗ ಎದ್ದು ಒಳಗೆ ಹೋದನು. ಹದಿನೈದು ದಿನದ ಮೇಲೆ ಬಂದು, “ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆಯಂತಲ್ಲ ಅಣ್ಣಾ, ಒಂದು ಸಲ ನೋಡಿಕೊಂಡು ಬರೋಣವೇ?” ಎಂದು ಕೇಳಿದನು. ಅರವತ್ತು ಸಮೀಪಿಸುತ್ತಿರುವ ಈ ವ್ಯಾಪಾರಿಗೆ ಕಡಲೆಕಾಯಿಯ ಮೇಲೆ ಇದ್ದಕ್ಕಿದ್ದಂತೆ ಆಸೆ ಹುಟ್ಟಿದ್ದೇಕೆಂದು ನಾವು ಕೇಳಲಿಲ್ಲ. ಇಬ್ಬರೂ ಹೋಗುವುದೆಂದು ಗೊತ್ತುಮಾಡಿ ಮಗುವಿಗೆ ಕಾಗದ ಬರೆದಿದ್ದೇವೆ. ಮುಂದಿನದು ಅವರವರ ಮನಸ್ಸಿಗೂ ದೈವಕ್ಕೂ ಬಿಟ್ಟದ್ದು.