ಶುಶ್ರೂಷಕಿಯರ ರಕ್ಷಣೆ

ಶುಶ್ರೂಷೆಯೆಂಬ ಶಬ್ದವು ‘ಶ್ರು’ ಧಾತುವಿನಿಂದ ಹುಟ್ಟಿದುದು. ಕೇಳಬೇಕೆಂಬ ಇಚ್ಛೆಯೇ ಅದರ ಮೂಲಾರ್ಥವು. ರೋಗಿಯ ನರಳಿಕೆಯನ್ನು ಕೇಳಿ ಓಡಿಬರುವವಳೇ ಶುಶ್ರೂಷಕಿಯು. ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಚರಕಸಂಹಿತೆಯು ಹೇಳಿರುವುದು. ಅವುಗಳಲ್ಲೊಂದನ್ನು ನಾವೇ ಮುರಿದರೆ ಚಿಕಿತ್ಸೆಯು ನಿಲ್ಲುವುದೆಂತು?

ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಅರುಣಾ ಶಾನಭಾಗರು ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ನೆಯ ನವೆಂಬರ್ 27ರಂದು ಕೆಲಸವನ್ನು ಮುಗಿಸಿ ಉಡುಪು ಬದಲಿಸಲು ನೆಲಮಾಳಿಗೆಗೆ ಹೋದಾಗ, ಅದೇ ಆಸ್ಪತ್ರೆಯ ಕಸಗುಡಿಸುವ ನೌಕರನೊಬ್ಬನು ನಾಯಿಯ ಸರಪಳಿಯಿಂದ ಅವರ ಕೊರಳನ್ನು ಬಿಗಿದು ಮಾನಭಂಗವೆಸಗಿದನು. ಮರುದಿನ ಬೆಳಿಗ್ಗೆಯವರೆಗೆ ಅವರನ್ನು ಯಾರೂ ಕಾಣಲಿಲ್ಲ. ಪ್ರಾಣವಾಯುವು ತಲುಪದೆ ಮಿದುಳು ಕೆಟ್ಟುಹೋಯಿತು. ಅಪರಾಧಿಗೆ ಕೊಲೆಯ ಯತ್ನ ಮತ್ತು ಸುಲಿಗೆಗಳಿಗಾಗಿ ಏಳು ವರ್ಷಗಳ ಸೆರೆವಾಸವಾಯಿತು. ಮಾನಭಂಗದ ಆರೋಪವು ನ್ಯಾಯಾಲಯದ ಮುಂದೆ ಬರಲೇ ಇಲ್ಲ. ಅರುಣಾ ಅವರ ಸೆರೆಯಾದರೋ ಸುಮಾರು 42 ವರ್ಷಗಳದು. 2015ನೆಯ ಮೇ 18ರಂದು ಅವರು ತೀರಿಕೊಂಡರು.

ಅಷ್ಟು ಕಾಲವೂ ಅವರನ್ನು ಸಾಕಿದವರಾರು? ಅದೇ ಆಸ್ಪತ್ರೆಯ ದಾದಿಯರು. ಒಂದು ತಲೆಮಾರಿನವರು ನಿವೃತ್ತರಾದರೆ ಮತ್ತೊಂದು ತಲೆಮಾರಿನವರು ಬಂದು, ಉಣಿಸಿ, ಮೀಯಿಸಿ, ಮಗ್ಗುಲು ಬದಲಿಸಿ, ಮೈಯಲ್ಲಿ ಹುಣ್ಣಾಗದಂತೆ ನೋಡಿಕೊಂಡರು. ದಯಾಮರಣದ ಅರ್ಜಿಯು ಸುಪ್ರೀಂ ಕೋರ್ಟಿಗೆ ಹೋದಾಗ, ಅವರು ಬದುಕಿರಲಿ ಎಂದೇ ಈ ಸಿಬ್ಬಂದಿಯವರು ಬೇಡಿದರು. 2011ನೆಯ ಮಾರ್ಚ್ 7ರ ತೀರ್ಪಿನಲ್ಲಿ ನ್ಯಾಯಾಲಯವು ಅವರ ಮಾತನ್ನು ಮನ್ನಿಸಿ ಅರ್ಜಿಯನ್ನು ತಳ್ಳಿಹಾಕಿತು.

ಇದು ನೀಚನೊಬ್ಬನ ಕೃತ್ಯವೆಂದು ಗೃಹಸ್ಥರಾದ ನಾವು ನಿಶ್ಚಿಂತರಾಗಿರಲಾಗದು. ದಾದಿಯರ ಮೇಲೆ ಕೈಯೆತ್ತುವವರಲ್ಲಿ ರೋಗಿಗಳೂ ಅವರ ಬಂಧುಗಳೂ ಉಂಟು. ಹಲವು ವರ್ಷಗಳ ಹಿಂದೆ ನಮ್ಮ ಮನೆಯವರು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಔಷಧವು ಅರ್ಧ ಗಂಟೆ ತಡವಾಯಿತೆಂದು ನಾವೇ ಒಬ್ಬ ದಾದಿಯನ್ನು ನಾಲ್ಕು ಜನರೆದುರು ಗದರಿಸಿದೆವು. ಆಕೆ ಪ್ರತಿಯಾಡದೆ ಔಷಧವನ್ನು ಕೊಟ್ಟು ಹೋದಳು. ಆ ರಾತ್ರಿ ಮೂವತ್ತು ಹಾಸಿಗೆಗಳಿಗೆ ಆಕೆಯೊಬ್ಬಳೇ ಇದ್ದಳೆಂಬುದು ನಮಗೆ ತಿಳಿದದ್ದು ಬೆಳಗಾದ ಮೇಲೆ. ಕ್ಷಮೆಯನ್ನು ಕೇಳಲು ಹೋದೆವು. ಆಕೆ ಮನೆಗೆ ಹೊರಟುಹೋಗಿದ್ದಳು. ಅಂದಿನ ನಾಚಿಕೆಯು ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಬಾಯಿಯನ್ನು ಹಿಡಿಯಲಾರದವನಿಗೆ ಕೈಯನ್ನು ಹಿಡಿಯುವುದು ಕಷ್ಟವಲ್ಲವೆ?

ಕರ್ನಾಟಕದ 2009ನೆಯ ಕಾನೂನಿನಂತೆ ದಾದಿಯರೇ ಮೊದಲಾದ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯು ಶಿಕ್ಷಾರ್ಹವಾದ ಅಪರಾಧವು. ಆದರೆ ದಂಡನೆಯು ಪೆಟ್ಟು ಬಿದ್ದ ಮೇಲೆ ಬರತಕ್ಕುದು. ಅದಕ್ಕೆ ಮೊದಲೇ ರಾತ್ರಿಪಾಳಿಗೆ ಸಾಕಷ್ಟು ಜನ, ಬೆಳಕುಳ್ಳ ಹಾದಿ, ಬೀಗವುಳ್ಳ ಉಡುಪಿನ ಕೋಣೆ, ದೂರನ್ನು ಕೇಳುವ ಅಧಿಕಾರಿ, ಇಷ್ಟಾದರೂ ಪ್ರತಿಯೊಂದು ಆಸ್ಪತ್ರೆಯಲ್ಲಿ ಇರಬೇಕು. ನಾವಾದರೋ ರೋಗಿಯ ಬಳಿಗೆ ಗುಂಪಾಗಿ ನುಗ್ಗದೆ, ಅಸಮಾಧಾನವಿದ್ದರೆ ಬರೆದು ಮೇಲಧಿಕಾರಿಗೆ ಕೊಡಬೇಕು. ಮನೆಯ ಮಕ್ಕಳಿಗೂ ಅದನ್ನೇ ಕಲಿಸಬೇಕು.

ನಮ್ಮ ನರಳಿಕೆಯನ್ನು ಕೇಳಿದವಳ ದೂರನ್ನು ನಾವು ಕೇಳುವುದೇ ನಮ್ಮ ಪಾಲಿನ ಶುಶ್ರೂಷೆಯು.