ರಸ್ತೆಯ ಧೂಳು, ತೊಟ್ಟಿಲ ಕೂಸು ಮತ್ತು ಹಸುರು ಬೇಲಿ

ಗೊಬ್ಬೂರಿನ ಸುತ್ತಲಿನ ಹಳ್ಳಿಗಳಲ್ಲಿ ರಸ್ತೆಯ ಬದಿಯ ಮನೆಯೆಂದರೆ ಅನುಕೂಲದ ಮನೆಯೆಂದೇ ಎಲ್ಲರ ಭಾವನೆ. ಬಸ್ಸು ಬಾಗಿಲ ಮುಂದೆಯೇ ನಿಲ್ಲುತ್ತದೆ; ಒಂದು ಚಹಾದ ಅಂಗಡಿ ಇಟ್ಟರೂ ಸಂಸಾರ ಸಾಗುತ್ತದೆ. ಆದರೆ ಈ ಸೀಮೆಯ ರಸ್ತೆಗಳ ಮೇಲೆ ಕಬ್ಬಿನ ಹಂಗಾಮಿನಲ್ಲಿ ಹೇರು ತುಂಬಿದ ಟ್ರ್ಯಾಕ್ಟರುಗಳು ಹಗಲಿರುಳು ಸಾಗುತ್ತವೆ. ಹುಣ್ಣಿಮೆ ಬಂತೆಂದರೆ ಗಾಣಗಾಪುರದ ದತ್ತನ ದರ್ಶನಕ್ಕೆ ಹೊರಟ ವಾಹನಗಳ ಸಾಲು ಬೇರೆ. ಎರೆ ಭೂಮಿಯ ನುಣುಪಾದ ಮಣ್ಣು ಗಾಲಿಗೆ ಸಿಕ್ಕಿ ಪುಡಿಯಾಗಿ ಮೇಲೇಳುತ್ತದೆ.

ಮನೆಮನೆಗೆ ಭೇಟಿ ಕೊಡುವಾಗ ನಾನು ಪದೇ ಪದೇ ಕಂಡ ನೋಟವೊಂದಿದೆ. ರಸ್ತೆಗೆ ಮುಖ ಮಾಡಿದ ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿರುತ್ತದೆ. ಅಲ್ಲಿ ಕೂಸಿಗೆ ಗಾಳಿ ಚೆನ್ನಾಗಿ ಬರುವುದೆಂದು ತಾಯಿಯ ಸಮಾಧಾನ. ಆದರೆ ತೊಟ್ಟಿಲ ಹಗ್ಗವನ್ನು ಬೆರಳಿನಿಂದ ಒರೆಸಿ ನೋಡಿದರೆ ಬೆರಳು ಕಪ್ಪಾಗುತ್ತದೆ. ಹಗ್ಗಕ್ಕೆ ಅಂಟಿದ್ದು ಕೂಸಿನ ಮೂಗಿಗೂ ಹೋಗಿರಲೇಬೇಕಲ್ಲವೆ?

ಕಣ್ಣಿಗೆ ಕಾಣುವ ದಪ್ಪ ಧೂಳಿನ ಬಹುಭಾಗವನ್ನು ಮೂಗು ಗಂಟಲುಗಳೇ ತಡೆಯುತ್ತವೆ. ಹೆಚ್ಚು ಅಪಾಯಕಾರಿಯಾದುದು ಕಣ್ಣಿಗೆ ಕಾಣದ ಸೂಕ್ಷ್ಮ ಕಣ. ಡೀಸೆಲ್ ಹೊಗೆಯಲ್ಲಿ ಇದು ಹೇರಳವಾಗಿರುತ್ತದೆ. ತಲೆಗೂದಲಿನ ಮೂವತ್ತನೆಯ ಒಂದು ಪಾಲಿಗಿಂತಲೂ ಕಿರಿದಾದ ಈ ಕಣಗಳು ಶ್ವಾಸಕೋಶದ ತುದಿಯವರೆಗೆ ಇಳಿಯುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಇಂಥ ಕಣಗಳು ದಿನದ ಸರಾಸರಿಯಲ್ಲಿ 60 ಮೈಕ್ರೋಗ್ರಾಂ ಮೀರಬಾರದೆಂದು 2009ರಲ್ಲಿ ನಮ್ಮ ದೇಶದ ಮಾನಕ ಗೊತ್ತುಪಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಹೇಳಿದ ಮಿತಿ ಕೇವಲ 15. ಗರ್ಭಿಣಿಯು ಇಂಥ ಗಾಳಿಯಲ್ಲಿ ಬಹುಕಾಲ ಉಸಿರಾಡಿದರೆ ಕೂಸು ದಿನ ತುಂಬುವ ಮೊದಲೇ ಹುಟ್ಟುವ, ಇಲ್ಲವೆ ಕಡಿಮೆ ತೂಕದಿಂದ ಹುಟ್ಟುವ ಸಂಭವ ಹೆಚ್ಚುತ್ತದೆ. ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ಎಳೆಗೂಸು 30ರಿಂದ 60 ಸಲ ಉಸಿರಾಡುತ್ತದೆ. ಮೈತೂಕಕ್ಕೆ ಹೋಲಿಸಿದರೆ ಅದು ನಮಗಿಂತ ಹೆಚ್ಚು ಗಾಳಿಯನ್ನು, ಅದರೊಡನೆ ಹೆಚ್ಚು ಹೊಗೆಯನ್ನು, ಒಳಗೆಳೆದುಕೊಳ್ಳುತ್ತದೆ.

ಆದುದರಿಂದ ಮೊದಲು ಮಾಡಬೇಕಾದುದು ಖರ್ಚಿಲ್ಲದ ಕೆಲಸ. ತೊಟ್ಟಿಲನ್ನು ಇಂದೇ ರಸ್ತೆಯ ಬದಿಯಿಂದ ಬಿಚ್ಚಿ, ಒಲೆಯ ಹೊಗೆಯೂ ಸುಳಿಯದಂಥ ಹಿಂಬದಿಯ ಕೋಣೆಯಲ್ಲಿ ಕಟ್ಟಿರಿ. ಕೆಮ್ಮು ನೆಗಡಿಯಾದ ಮಗು ಶಾಂತವಾಗಿರುವಾಗ ಅದರ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿರಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಅದಕ್ಕೆ ಮೇಲ್ಪಟ್ಟರೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಕುಸಿಯುತ್ತಿದ್ದರೆ, ಅಥವಾ ಮಗು ಹಾಲು ಕುಡಿಯಲಾರದಿದ್ದರೆ, ಒಂದು ಗಳಿಗೆಯೂ ತಡಮಾಡಬೇಡಿರಿ.

ಇನ್ನು ರಸ್ತೆಗೂ ಮನೆಗೂ ನಡುವೆ ಏನನ್ನು ಬೆಳೆಸಬೇಕು? “ಮರ ನೆಟ್ಟರಾಯಿತು” ಎಂದು ಬಹುಮಂದಿ ಹೇಳುತ್ತಾರೆ. ಸಾಲುಮರವೆಂದೊಡನೆ ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕ ಮತ್ತು ಚಿಕ್ಕಯ್ಯ ದಂಪತಿಗಳ ನೆನಪಾಗುವುದು ಸಹಜ. ಕುದೂರಿನ ರಸ್ತೆಯಲ್ಲಿ ಆಲದ ಸಸಿ ನೆಟ್ಟು, ದೂರದಿಂದ ನೀರು ಹೊತ್ತು ತಂದು ಅವರು ಬೆಳೆಸಿದರು. ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ದೊರೆಯಿತು. ಆ ನೆರಳು ದಾರಿಹೋಕರಿಗೆ ದೊಡ್ಡ ಉಪಕಾರ. ಆದರೆ ನೆರಳಿನ ಮರ ಬೇರೆ, ಧೂಳಿನ ತಡೆ ಬೇರೆ. ದೊಡ್ಡ ಮರದ ಎಲೆಗಳೆಲ್ಲ ಮೇಲಿರುತ್ತವೆ, ಕೆಳಗೆ ಬರಿಯ ಕಾಂಡ. ಹೊಗೆ ಧೂಳುಗಳು ಕಾಂಡಗಳ ನಡುವೆ ನುಸುಳಿ, ತೊಟ್ಟಿಲು ತೂಗುವ ಎತ್ತರದಲ್ಲಿಯೇ ಮನೆಯೊಳಗೆ ಬರುತ್ತವೆ.

ತಡೆಯಬೇಕಾದರೆ ಬೇಲಿಯು ನೆಲದಿಂದಲೇ ದಟ್ಟವಾಗಿರಬೇಕು. ದಟ್ಟ ಬೇಲಿಯು ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ರಸ್ತೆಯಿಂದ ಬಂದ ಗಾಳಿಯನ್ನು ಮೇಲಕ್ಕೆತ್ತಿ ಶುದ್ಧ ಗಾಳಿಯೊಡನೆ ಬೆರೆಸಿ ತೆಳುವಾಗಿಸುತ್ತದೆ. ಎಲೆಗಳು ಒಂದಿಷ್ಟು ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಮಳೆ ಬಂದಾಗ ಅವು ತೊಳೆದುಹೋಗಿ ನೆಲ ಸೇರುತ್ತವೆ. ಒರಟಾದ, ರೋಮವುಳ್ಳ ಎಲೆಗಳು ನುಣುಪಾದ ಎಲೆಗಳಿಗಿಂತ ಹೆಚ್ಚು ಹಿಡಿಯುತ್ತವೆ. ನಡುವೆ ಕಂಡಿಯಿದ್ದರೆ ಮಾತ್ರ ಗಾಳಿ ಅಲ್ಲಿಂದಲೇ ನುಗ್ಗುವುದು. ಸೊಂಟದೆತ್ತರದ ಗೋಡೆಯಿದ್ದು ಅದರ ಹಿಂದೆ ಬೇಲಿಯಿದ್ದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಶಹಾಬಾದಿನ ಫರಸಿ ಕಲ್ಲಿಗೆ ಬರವಿಲ್ಲ. ಅದನ್ನು ನಿಲ್ಲಿಸಿ ನೆಟ್ಟರೆ ಗೋಡೆಯಾಯಿತು.

ಊರೊಳಗಿನ ಇಕ್ಕಟ್ಟಾದ ಓಣಿಯಲ್ಲಿ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಎರಡೂ ಬದಿಗೆ ಮನೆಗಳಿದ್ದು ಮೇಲೆ ಮರಗಳ ತಲೆ ಕೂಡಿಕೊಂಡರೆ, ಕೆಳಗಿನ ಹೊಗೆಗೆ ಮುಚ್ಚಳವಿಟ್ಟಂತಾಗುತ್ತದೆ. ಅಲ್ಲಿ ದೊಡ್ಡ ಮರ ಬೇಡ, ಗಿಡ್ಡ ಬೇಲಿಯೇ ಸಾಕು.

ಗಿಡಗಳ ಆಯ್ಕೆಯಲ್ಲಿ ಆಡುಸೋಗೆಗೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಅದು ಸದಾ ಹಸುರು, ಅಗಲ ಎಲೆ, ಕಡ್ಡಿ ನೆಟ್ಟರೂ ಚಿಗುರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಆಡುಗಳು ಅದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆಡು ಮೇಯದ ಗಿಡ ನಮ್ಮ ಹಳ್ಳಿಗಳಲ್ಲಿ ಎಷ್ಟು ಅಪರೂಪವೆಂದು ನಿಮಗೇ ಗೊತ್ತು. ಬಂದರಿಕೆ ಗಿಡವೂ ಬರವನ್ನು ತಾಳಿಕೊಂಡು ಬದುಕುತ್ತದೆ. ಇವುಗಳನ್ನು ಒಂದೂವರೆ ಅಡಿ ಅಂತರದಲ್ಲಿ ಎರಡು ಸಾಲಾಗಿ, ಒಂದು ಸಾಲಿನ ಗಿಡ ಇನ್ನೊಂದರ ಕಂಡಿಗೆ ಬರುವಂತೆ ನೆಡಿರಿ. ಆಳೆತ್ತರ ಮೀರುವಂತೆ ಬೆಳೆಸಿರಿ. ಎಳೆಯದಿರುವಾಗ ತುದಿ ಚಿವುಟಿದರೆ ಬುಡದಿಂದ ಕವಲೊಡೆಯುತ್ತದೆ. ಬುಡದ ಕೊಂಬೆಗಳನ್ನು ಎಂದಿಗೂ ಸವರಬೇಡಿರಿ. ಜಾಗವಿದ್ದರೆ ಹಿಂದೆ ಬೇವು, ಹೊಂಗೆಗಳಿರಲಿ. ಇವು ಚಳಿಗಾಲ ಕಳೆದ ಮೇಲೆ ಕೆಲದಿನ ಎಲೆ ಉದುರಿಸುವುದರಿಂದ ಇವನ್ನೇ ನಂಬಿ ಕೂಡುವಂತಿಲ್ಲ. ಕಣಗಿಲೆ ಚೆಂದವಾಗಿ ಹೂ ಬಿಡುತ್ತದೆ, ಹೆದ್ದಾರಿಗಳ ನಡುವೆ ನೆಡುತ್ತಾರೆ ಕೂಡ. ಆದರೆ ಅದರ ಪ್ರತಿಯೊಂದು ಭಾಗವೂ ವಿಷ. ಮಕ್ಕಳೂ ದನಕರುಗಳೂ ಇರುವ ಮನೆಯ ಮುಂದೆ ಅದು ಬೇಡ.

ರಸ್ತೆಯ ಅಂಚು ಸರ್ಕಾರದ ಜಾಗ. ಅಲ್ಲಿ ನೆಡುವ ಮೊದಲು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿರಿ. ತಿರುವಿನಲ್ಲಿ ಎದುರು ಬರುವ ವಾಹನ ಕಾಣದಂತೆ ಬೇಲಿ ಬೆಳೆಸುವುದು ಜೀವಕ್ಕೇ ಅಪಾಯ.

ಬೇಲಿಯು ಕಣಗಳನ್ನು ಕಡಿಮೆ ಮಾಡುತ್ತದೆಯೇ ಹೊರತು ಪೂರ್ತಿ ನಿಲ್ಲಿಸದು. ಹೊಗೆಯಲ್ಲಿರುವ ವಿಷಾನಿಲಗಳನ್ನು ಎಲೆಗಳು ಹೀರುವುದು ತೀರ ಅಲ್ಪ. ಅಲ್ಲದೆ ಒಳಗೆ ತೊಗರಿ ಕಟ್ಟಿಗೆಯ ಒಲೆ ಹೊಗೆಯಾಡುತ್ತಿದ್ದರೆ ಹೊರಗಿನ ಬೇಲಿಯಿಂದ ಪ್ರಯೋಜನವೇನು? ಆ ಕಟ್ಟಿಗೆಗೆ ಬೇರೊಂದು ಉಪಯೋಗವಿದೆ. ಅದನ್ನು ಒತ್ತಾಗಿ ಹೆಣೆದು ತಡಿಕೆ ಮಾಡಿ ರಸ್ತೆಯ ಬದಿಗೆ ನಿಲ್ಲಿಸಿದರೆ, ಗಿಡ ಬೆಳೆಯುವವರೆಗೆ ಸ್ವಲ್ಪ ಧೂಳನ್ನು ತಡೆದೀತು, ಎಳೆಯ ಸಸಿಗಳಿಗೂ ಕಾವಲಾದೀತು.

ಬೇಸಿಗೆಯಲ್ಲಿಯೇ ಕುಣಿ ತೋಡಿ ಬಿಸಿಲಿಗೆ ಬಿಟ್ಟು, ಮೃಗಶಿರ ಮಳೆ ಬಿದ್ದು ನೆಲ ನೆನೆದ ಮೇಲೆ ಸಸಿಗಳನ್ನು ನೆಡಿರಿ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಯಾವ ಸಸಿಗಳಿವೆಯೆಂದು ಮೊದಲೇ ಕೇಳಿಟ್ಟುಕೊಳ್ಳಿರಿ. ಮೊದಲ ಎರಡು ಬೇಸಿಗೆಗಳಲ್ಲಿ ನೀರು ಹಾಕಲೇಬೇಕಾಗುತ್ತದೆ. ಬಚ್ಚಲ ನೀರನ್ನು ಸಣ್ಣ ಕಾಲುವೆ ತೆಗೆದು ಅತ್ತ ತಿರುಗಿಸಬಹುದು. ಹಾಗಾಗದ ಮನೆಯಲ್ಲಿ ಗರ್ಭಿಣಿಯ ತಲೆಯ ಮೇಲೆ ಇನ್ನೆರಡು ಕೊಡ ಹೊರಿಸುವುದು ಬೇಡ. ಆ ನೀರು ಹೊರುವ ಕೆಲಸ ಗಂಡನದು.