ಪಡಸಾಲೆಯ ಕಿಟಕಿಗೆ ಸಾಲ್ವಿಯಾ ಕಡ್ಡಿ

ಸಹೋದರಿಯರೇ, ನಮ್ಮ ಇಂಡಿ, ಸಿಂದಗಿ ಕಡೆಯ ಓಣಿಗಳಲ್ಲಿ ಬಾಗಿಲ ಮುಂದೆ ಒಂದು ಹೂವಿನ ಗಿಡ ಇಟ್ಟು ನೋಡಿ. ಮಧ್ಯಾಹ್ನದೊಳಗೆ ಯಾರದೋ ಮನೆಯ ಆಡು ಬಂದು ಅದನ್ನು ಮುಗಿಸಿರುತ್ತದೆ. ಆಡು ಬಿಟ್ಟರೂ ಬಿಸಿಲು ಬಿಡುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಎಳೆಯ ಗಿಡಕ್ಕೆ ಮನೆಯೊಳಗೇ ಆಸರೆ ಕೊಡಬೇಕು. ಅದಕ್ಕೆ ಅಂಗಳ ಬೇಡ, ಹಿತ್ತಲು ಬೇಡ. ಬೆಳಕು ಬರುವ ಒಂದು ಕಿಟಕಿ ಇದ್ದರೆ ಸಾಕು.

ಚಳಿಗಾಲದಲ್ಲಿ ನರ್ಸರಿಯವರು ಮಾರುವ, ತೆನೆಯಂತೆ ಕೆಂಪಗೆ ಹೂ ಬಿಡುವ ಸಾಲ್ವಿಯಾವನ್ನು ನೀವು ನೋಡಿರುತ್ತೀರಿ. ಇದರ ಮೂಲ ಬ್ರೆಜಿಲ್. ಆದರೂ ಇದರ ಬಳಗ ನಮ್ಮ ಅಡುಗೆಮನೆಯಲ್ಲೇ ಇದೆ. ಕಾಂಡವನ್ನು ಬೆರಳಲ್ಲಿ ಹಿಡಿದು ತಿರುಗಿಸಿ, ಅದು ದುಂಡಗಿಲ್ಲ, ನಾಲ್ಕು ಮೂಲೆ ತಾಗುತ್ತವೆ. ಪುದೀನಾ ಕಡ್ಡಿಯೂ ಹೀಗೆಯೇ. ಕಾಮಕಸ್ತೂರಿ, ದೊಡ್ಡಪತ್ರೆ ಕೂಡ ಇದೇ ಕುಟುಂಬದವು. ರಮಝಾನಿನಲ್ಲಿ ಶರಬತ್ತಿಗೆ ಹಾಕುವ ಸಬ್ಜಾ ಈ ಕಾಮಕಸ್ತೂರಿಯದೇ ಬೀಜ. ಅರಬರು ಆ ಗಿಡವನ್ನು ರೈಹಾನ್ ಎನ್ನುತ್ತಾರೆ. ಕುರ್‌ಆನಿನ ಅರ್ರಹ್ಮಾನ್ ಅಧ್ಯಾಯದಲ್ಲಿ ಬರುವ ಈ ಪದಕ್ಕೆ ಸುವಾಸನೆಯ ಸಸ್ಯ ಎಂದು ಅನೇಕ ವ್ಯಾಖ್ಯಾನಕಾರರು ಅರ್ಥ ಹೇಳಿದ್ದಾರೆ.

ಸಾಲ್ವಿಯಾದ ಇನ್ನೊಂದು ಜಾತಿ ಫೆಲೆಸ್ತೀನಿನ ಮನೆಗಳಲ್ಲಿ ಚಹಾಕ್ಕೆ ಬೀಳುತ್ತದೆ. ಅದಕ್ಕೆ ಅಲ್ಲಿ ಮರಮಿಯ್ಯ ಎಂದು ಹೆಸರು. ಆ ಹೆಸರನ್ನು ಹಝ್ರತ್ ಮರ್ಯಮ್(ಅ)ರೊಂದಿಗೆ ಜೋಡಿಸಿ ಹೇಳುವ ಜನಪದ ಕಥೆಗಳೂ ಇವೆ. ಇದನ್ನು ಓದಿ ನೀವು ನರ್ಸರಿಯ ಕೆಂಪು ಸಾಲ್ವಿಯಾದ ಎಲೆಯನ್ನು ಚಹಾಕ್ಕೆ ಹಾಕಬೇಡಿ. ಅದು ಬೇರೆ, ಇದು ಬೇರೆ. ಇದು ಕಣ್ಣಿಗೆ ಮಾತ್ರ.

ಕಡ್ಡಿ ತೆಗೆಯಲು ಮಳೆ ಹಿಡಿದ ಮೇಲಿನ ದಿನಗಳು ಒಳ್ಳೆಯವು, ಅಕ್ಟೋಬರ್, ನವೆಂಬರ್ ಇನ್ನೂ ಒಳ್ಳೆಯದು. ಹೂ ಬಿಟ್ಟ ಟೊಂಗೆ ಎಷ್ಟೇ ಚೆಂದ ಕಂಡರೂ ಅದನ್ನು ಮುಟ್ಟಬೇಡಿ. ಹೂವಿಗೆ ಶಕ್ತಿ ಕೊಡುವ ಟೊಂಗೆ ಬೇರಿಗೆ ಕೊಡಲಾರದು. ಹೂವಿಲ್ಲದ, ಎಳೆಯದಾದರೂ ಗಟ್ಟಿಯಾಗಿರುವ ತುದಿಯನ್ನು ಬೆಳಿಗ್ಗೆ ಹೊತ್ತು ನಾಲ್ಕು ಬೆರಳಿನಷ್ಟು ಉದ್ದಕ್ಕೆ, ಎಲೆ ಹುಟ್ಟುವ ಗೆಣ್ಣಿನ ಸ್ವಲ್ಪ ಕೆಳಗೆ, ಹರಿತವಾದ ಬ್ಲೇಡಿನಿಂದ ಕತ್ತರಿಸಿ. ಬೇರು ಒಡೆಯುವುದು ಹೆಚ್ಚಾಗಿ ಆ ಗೆಣ್ಣಿನಲ್ಲೇ. ಕೆಳಗಿನ ಎಲೆಗಳನ್ನು ತೆಗೆದು ಮೇಲಿನ ಎರಡು ಜೊತೆ ಉಳಿಸಿ. ಬೇರು ಬರಿಸುವ ಪುಡಿ ಗೊಬ್ಬರದಂಗಡಿಯಲ್ಲಿ ಸಿಗುತ್ತದೆ, ಆದರೆ ಸಾಲ್ವಿಯಾಕ್ಕೆ ಅದರ ಅಗತ್ಯವಿಲ್ಲ. ಒಂದರ ಬದಲು ನಾಲ್ಕು ಕಡ್ಡಿ ನೆಟ್ಟರೆ ಆಯಿತು.

ಹೊಸಬರು ಹೆಚ್ಚಾಗಿ ಸೋಲುವುದು ಮಣ್ಣಿನಲ್ಲಿ. ನಮ್ಮ ಎರೆ ಮಣ್ಣು ಜೋಳಕ್ಕೆ ಚಿನ್ನ, ಕಡ್ಡಿಗೆ ಮಾತ್ರ ಶತ್ರು. ನೆನೆದರೆ ಅಂಟು, ಒಣಗಿದರೆ ಬಿರುಕು. ಆ ಬಿರುಕಿನಲ್ಲಿ ನೂಲಿನಂಥ ಬೇರು ಹರಿದುಹೋಗುತ್ತದೆ. ಆದ್ದರಿಂದ ಹೊಳೆಯ ಉಸುಕನ್ನು ಎರಡು ಮೂರು ನೀರಿನಲ್ಲಿ ತೊಳೆದು, ಸಿಕ್ಕರೆ ಅಷ್ಟೇ ತೆಂಗಿನ ನಾರಿನ ಪುಡಿ ಬೆರೆಸಿ. ಈ ಹಂತದಲ್ಲಿ ಗೊಬ್ಬರ ಬೇಡವೇ ಬೇಡ. ಮೊಸರಿನ ಡಬ್ಬಿಯ ತಳಕ್ಕೆ ಕಾದ ದಬ್ಬಳದಿಂದ ನಾಲ್ಕು ತೂತು ಹಾಕಿ, ಉಸುಕು ತುಂಬಿ, ನೀರು ಹಾಕಿ ಬಸಿಯಲು ಬಿಡಿ. ಆಮೇಲೆ ಪೆನ್ಸಿಲಿನಿಂದ ಕುಳಿ ಮಾಡಿ ಕಡ್ಡಿ ಊರಿ. ಅರ್ಧ ಕತ್ತರಿಸಿದ ನೀರಿನ ಬಾಟಲಿಯನ್ನು ಮೇಲೆ ಕವುಚಿ, ಅದರ ಮುಚ್ಚಳ ಮಾತ್ರ ತೆಗೆದಿಡಿ. ಬೇರಿಲ್ಲದ ಕಡ್ಡಿ ನೀರು ಕುಡಿಯಲಾರದು, ಅದರ ಎಲೆ ಮಾತ್ರ ನೀರು ಕಳೆಯುತ್ತಲೇ ಇರುತ್ತದೆ. ಒಳಗಿನ ಹಸಿ ಗಾಳಿ ಅದನ್ನು ತಡೆಯುತ್ತದೆ.

ಪೂರ್ವ ಅಥವಾ ಉತ್ತರದ ಕಿಟಕಿ ಇದ್ದವರು ಪುಣ್ಯವಂತರು. ಪಶ್ಚಿಮದ ಕಿಟಕಿಯಾದರೆ ಎರಡು ಮೊಳ ದೂರ ಇಡಿ. ಬಾಟಲಿಯ ಮೇಲೆ ನೇರ ಬಿಸಿಲು ಬಿದ್ದರೆ ಒಳಗೆ ಎಲೆ ಬೆಂದುಹೋಗುತ್ತದೆ. ಪತ್ರಾಸಿನ ಮನೆಯಲ್ಲಿ ಮೇಲಿನ ಮಾಡಕ್ಕಿಂತ ನೆಲದ ಹತ್ತಿರವೇ ತಂಪು. ಫ್ಯಾನಿನ ಕೆಳಗೆ, ಕೂಲರಿನ ಎದುರಿಗೆ ಇಡಬಾರದು.

ಇನ್ನು ನೀರಿನ ಮಾತು. ಟ್ಯಾಂಕರ್ ಬರುವ ದಿನ ಕೊಡ ಹಿಡಿದು ಪಾಳಿ ನಿಲ್ಲುವ ಓಣಿಯಲ್ಲಿ ಹೂವಿಗೆ ನೀರೇ, ಇದು ಇಸ್ರಾಫ್ ಅಲ್ಲವೇ ಎಂದು ಅತ್ತೆಯೋ ನೆರೆಯವರೋ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಬಾಟಲಿ ಕವುಚಿದ ನಾಲ್ಕು ಡಬ್ಬಿಗಳಿಗೆ ಎರಡು ದಿನಕ್ಕೊಮ್ಮೆ ನಾಲ್ಕಾರು ಚಮಚ ನೀರು ಸಾಕು. ಹೆಚ್ಚು ಹಾಕಿದರೆ ಬುಡ ಕಪ್ಪಾಗಿ ಕೊಳೆಯುತ್ತದೆ. ಕಡ್ಡಿ ಸಾಯುವುದು ಬಾಯಾರಿಕೆಗಿಂತ ಹೆಚ್ಚಾಗಿ ಹೀಗೆಯೇ. ಬೋರಿನ ಸವಳು ನೀರು ಬೇಡ, ಕುಡಿಯುವ ನೀರನ್ನೇ ಹಾಕಿ. ಶುದ್ಧೀಕರಣ ಯಂತ್ರದಿಂದ ಹೊರಬೀಳುವ ನೀರಿನಲ್ಲಿ ಉಪ್ಪು ಇನ್ನೂ ಹೆಚ್ಚಿರುತ್ತದೆ, ಅದು ನೆಲ ಒರೆಸಲು ಇರಲಿ.

ಮೊದಲ ಎರಡು ದಿನ ಎಲೆ ಬಾಡಿದರೆ ಗಾಬರಿ ಬೇಡ. ಎರಡರಿಂದ ನಾಲ್ಕು ವಾರ ಕಾಯಬೇಕು. ಬೇರು ಬಂತೇ ಎಂದು ದಿನಾಲೂ ಕಿತ್ತು ನೋಡುವ ಮಕ್ಕಳಿಂದ ದೂರ ಇಡಿ. (ಮಕ್ಕಳಷ್ಟೇ ಅಲ್ಲ, ದೊಡ್ಡವರಿಗೂ ಈ ಚಪಲ ಇದೆ.) ತುದಿಯಲ್ಲಿ ಹೊಸ ಎಲೆಯ ಜೊತೆ ಮೂಡಿದರೆ, ಮೆಲ್ಲಗೆ ಎಳೆದಾಗ ಕಡ್ಡಿ ಹಿಡಿದುಕೊಂಡರೆ ಬೇರು ಬಂದಿದೆ ಎಂದು ಅರ್ಥ.

ಇಷ್ಟೊಂದು ಪಾಡು ಏಕೆ, ಬೀಜ ಹಾಕಿದರಾಗದೇ? ಆಗುತ್ತದೆ. ಆದರೆ ಬೀಜದಿಂದ ಹುಟ್ಟುವುದು ತಾಯಿಯ ಮಗಳು. ಕಡ್ಡಿಯಿಂದ ಬೆಳೆಯುವುದು ಆ ತಾಯಿಗಿಡವೇ. ಇದರ ಬೆಲೆ ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ಕೃಷ್ಣೆಯ ಹಿನ್ನೀರಿಗೆ ಅಲ್ಲಿಯ ಊರುಗಳು ಹೋಗಿವೆ, ಮನೆ, ಹಿತ್ತಲು, ಖಬರಸ್ತಾನಗಳನ್ನು ಬಿಟ್ಟು ಜನ ಪುನರ್ವಸತಿ ಕೇಂದ್ರಗಳಿಗೆ ನಡೆದಿದ್ದಾರೆ. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ನ್ಯಾಯಾಧಿಕರಣ ಒಪ್ಪಿದ ಮೇಲೆ ಇನ್ನಷ್ಟು ಮನೆಗಳಿಗೆ ಆ ಚಿಂತೆ ಹತ್ತಿದೆ. ಗೋಡೆಯನ್ನು ಹೊತ್ತೊಯ್ಯಲಾಗದು. ಅಮ್ಮಿ ನೆಟ್ಟ ಗಿಡದ ನಾಲ್ಕು ಬೆರಳಿನ ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ಯಬಹುದು.

ಅಂತ್ಯದಿನ ಬಂದೇಬಿಟ್ಟರೂ ಕೈಯಲ್ಲಿ ಸಸಿಯಿದ್ದರೆ, ಸಾಧ್ಯವಾದರೆ ಅದನ್ನು ನೆಟ್ಟುಬಿಡಬೇಕೆಂಬ ಅರ್ಥದ ಪ್ರವಾದಿ(ಸ)ವಚನವನ್ನು ಹಝ್ರತ್ ಅನಸ್(ರ) ವರದಿ ಮಾಡಿದ್ದಾರೆ. ನಾವು ಸಸಿ ಎಂದು ಅನುವಾದಿಸುವ ಕಡೆ ಮೂಲದಲ್ಲಿರುವ ಪದ ಫಸೀಲ. ಅಂದರೆ ಖರ್ಜೂರದ ತಾಯಿಮರದಿಂದ ಬೇರ್ಪಡಿಸಿದ ಮರಿ. ಅದೂ ಬೀಜದಿಂದ ಹುಟ್ಟಿದ್ದಲ್ಲ!

ಬೇರು ಬಂದ ಕಡ್ಡಿಯನ್ನು ಅಂಗೈ ಅಗಲದ ಕುಂಡಕ್ಕೆ ಬದಲಿಸಿ. ಮಣ್ಣು, ಉಸುಕು, ಹಳೆಯ ಸಗಣಿ ಗೊಬ್ಬರ ಸಮಸಮ ಇರಲಿ. ಬೆರಳಿನ ಮೊದಲ ಗೆಣ್ಣಿನವರೆಗೆ ಮಣ್ಣು ಒಣಗಿದಾಗ ನೀರು ಕೊಡಿ. ನಾಲ್ಕು ಜೊತೆ ಎಲೆಯಾದಾಗ ತುದಿ ಚಿವುಟಿ, ಪಕ್ಕದಿಂದ ಟೊಂಗೆ ಒಡೆಯುತ್ತದೆ. ಕಾಂಡ ಸಣಕಲಾಗಿ ಕಿಟಕಿಯತ್ತ ಬಾಗಿದರೆ ಬೆಳಕು ಸಾಲದೆಂದು ತಿಳಿಯಿರಿ. ವಾರಕ್ಕೊಮ್ಮೆ ಎಲೆಯ ಅಡಿ ನೋಡಿ, ಬಿಳಿ ನೊಣ ಕೂತಿದ್ದರೆ ತೆಳುವಾದ ಸಾಬೂನು ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ. ಹೊರಗೆ ಇಡುವ ಆಸೆಯಿದ್ದರೆ ಮೊದಲ ದಿನ ಬೆಳಗಿನ ಒಂದು ತಾಸು, ಮರುದಿನ ಇನ್ನಷ್ಟು, ಹೀಗೆ ಹತ್ತು ದಿನ ರೂಢಿಸಿ. ಆಡು ಹತ್ತದ ಮಾಳಿಗೆಯಾದರೆ ಒಳ್ಳೆಯದು. ಮಾರ್ಚ್ ಬಂದ ಕೂಡಲೇ ಮತ್ತೆ ಪಡಸಾಲೆಗೆ ತನ್ನಿ.